ಥರ್ಮೋಕೋಲಿನ ಕೆರೆ

ಕಳೆದ ಮಳೆಗಾಲದ ಒಂದು ರಾತ್ರಿ, ಒಂಬತ್ತೂವರೆ ದಾಟಿರಬೇಕು, ಪಕ್ಕದ ಮನೆಯಾಕೆ ಬಾಗಿಲು ತಟ್ಟಿದಳು. “ಆಂಟಿ, ನಿಮ್ಮನೇಲಿ ಥರ್ಮೋಕೋಲ್ ಇದ್ಯಾ? ಹೊಸ ಮಿಕ್ಸಿ ತಂದ್ರಲ್ಲ, ಆ ಡಬ್ಬದಲ್ಲಿದ್ದದ್ದಾದ್ರೂ ಆಗುತ್ತೆ.” ಏಳನೆಯ ತರಗತಿಯ ಮಗಳು ಮರುದಿನ ಬೆಳಿಗ್ಗೆ ‘ನಮ್ಮೂರ ಕೆರೆ’ ಎಂಬ ಪ್ರಾಜೆಕ್ಟು ಒಪ್ಪಿಸಬೇಕಾಗಿತ್ತು. ಡಬ್ಬ ಅಟ್ಟದ ಮೇಲಿತ್ತು. ಇಳಿಸಿಕೊಟ್ಟು, ಕುತೂಹಲ ತಡೆಯಲಾರದೆ ನಾನೂ ಅವಳ ಹಿಂದೆಯೇ ಹೋದೆ. ನಡುಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಹೆಮ್ಮಿಂಗ್ ಬಾಕಿಯಿದ್ದ ಮೂರು ಬ್ಲೌಸುಗಳು ಬಿದ್ದಿದ್ದವು. ನೆಲದ ಮೇಲೆ ಕತ್ತರಿ, ಅಂಟು, ಹೊಳೆಯುವ ನೀಲಿ ಕಾಗದ, ದಸರಾ ಬೊಂಬೆಯ ಪೆಟ್ಟಿಗೆಯಿಂದ ತೆಗೆದ ಎರಡು ಪ್ಲಾಸ್ಟಿಕ್ ಬಾತುಕೋಳಿ. ಮಗಳು ದಿವಾನದ ಮೇಲೆ ನಿದ್ದೆಹೋಗಿದ್ದಳು. ಹನ್ನೊಂದೂವರೆಗೆ ಕೆರೆ ಮುಗಿಯಿತು. ಏರಿಯ ಮೇಲೆ ಸ್ಪಂಜಿನ ಮರ, ನೀರಿನಲ್ಲಿ ಕಾಗದದ ತಾವರೆ. ಸುಳ್ಳೇಕೆ ಹೇಳಲಿ, ತಾವರೆ ಕತ್ತರಿಸಿದವಳು ನಾನೇ.

ಆ ಕೆರೆಗೆ 20ಕ್ಕೆ 19 ಅಂಕ ಬಂತು. ಹೋದ ಒಂದು ಅಂಕ, ಹುಡುಗಿ ತರಗತಿಯಲ್ಲಿ ಮೆಲ್ಲಗೆ ಮಾತಾಡಿದಳು ಎಂಬುದಕ್ಕೆ.

ನಾಲ್ಕು ದಿನ ಬಿಟ್ಟು ಅವಳು ಕರಿಬೇವು ಕೇಳಿಕೊಂಡು ಬಂದಾಗ ವಿಚಾರಿಸಿದೆ. “ನಮ್ಮ ಕೆರೇಲಿ ತಾವರೆ ಎಲ್ಲಿದೆ ಅಜ್ಜಿ?” ಎಂದು ನಕ್ಕಳು. ಆಮೇಲೆ ಒಂದೊಂದಾಗಿ ಹೇಳುತ್ತ ಹೋದಳು. ತೂಬು ಹೂಳಿನಲ್ಲಿ ಮುಚ್ಚಿಹೋಗಿದೆ. ಬಡಾವಣೆಯ ಮೋರಿ ನೀರು ನೇರ ಅಲ್ಲಿಗೇ ಬಂದು ಬೀಳುತ್ತದೆ. ಕೆಳಗಿನ ಗದ್ದೆಗಳೆಲ್ಲ ಸೈಟುಗಳಾಗಿವೆ, ಹಾಗಾಗಿ ತೂಬು ಬಿಡಿಸಿ ಎಂದು ಕೇಳುವವರೇ ಇಲ್ಲ. ತಾತ ಚಿಕ್ಕವರಿದ್ದಾಗ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಬಾಗಿನ ಕೊಡಲು ಹೋಗುತ್ತಿತ್ತು. ಇಷ್ಟನ್ನೂ ಅವಳು ತಾತನ ಜೊತೆ ಎರಡು ಸಂಜೆ ಏರಿಯ ಮೇಲೆ ನಡೆದು ತಿಳಿದುಕೊಂಡಿದ್ದಳು. “ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದೆಯಾ?” ಎಂದೆ. “ಅದಕ್ಕೆ ಕಾಲಮ್ಮೇ ಇರಲಿಲ್ಲ” ಎಂದಳು.

ಕಾಲಮ್ಮು ಎಂದರೆ ಯಾವುದೆಂದು ಆ ಹಾಳೆ ತರಿಸಿ ನೋಡಿದೆ. ಶಾಲೆಯವರು ತಾಯಂದಿರ ವಾಟ್ಸಾಪ್ ಗುಂಪಿಗೆ ಮೊದಲೇ ಕಳಿಸಿದ್ದರು. ‘ರೂಬ್ರಿಕ್ಸ್’ ಎಂದು ತಲೆಬರಹ. ಎಡಗಡೆ ಐದು ಸಾಲು: ವಿಷಯ, ಸೃಜನಶೀಲತೆ, ಅಚ್ಚುಕಟ್ಟು, ಮಂಡನೆ, ಹೊತ್ತಿಗೆ ಸರಿಯಾಗಿ ಒಪ್ಪಿಸುವುದು. ಮೇಲುಗಡೆ ನಾಲ್ಕು ಮನೆ: ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಿಸಬೇಕು. ಒಂದೊಂದು ಸಾಲಿಗೆ ಹೆಚ್ಚೆಂದರೆ 4, ಒಟ್ಟು 20. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು, ಪುಸ್ತಕ ಓದುವ ಹಾಗೆ ಆ ಹಾಳೆಯನ್ನು ಎರಡು ಸಲ ಓದಿದೆ. ಅದರ ಬಗ್ಗೆಯೇ ಈ ಬರಹ.

ಮೊದಲ ದೋಷ, ಆ ಹಾಳೆ ಏನನ್ನೂ ಹೇಳುವುದಿಲ್ಲ. ‘ಸೃಜನಶೀಲತೆ: ಅತ್ಯುತ್ತಮ’ ಎಂದರೇನು? ಕೆರೆಯ ವಿಷಯದಲ್ಲಿ ಹನ್ನೆರಡು ವರ್ಷದ ಹುಡುಗಿ ಏನು ಮಾಡಿದರೆ ಅತ್ಯುತ್ತಮ, ಏನು ಮಾಡಿದರೆ ಸಾಧಾರಣ? ಅಡುಗೆ ಕಲಿಯಲು ಬಂದ ಹುಡುಗಿಗೆ “ಉಪ್ಪು ಚೆನ್ನಾಗಿ ಹಾಕಿದರೆ 4, ಸುಮಾರಾಗಿ ಹಾಕಿದರೆ 2” ಎಂದರೆ ಅವಳು ಕಲಿಯುವುದೇನು? ಇದು ಹಳೆಯ ಅಂಕವೇ, ಮಾತಿನ ಸೀರೆ ಉಟ್ಟುಕೊಂಡಿದೆ ಅಷ್ಟೆ. ಎರಡನೆಯ ದೋಷ ದೊಡ್ಡದು. ಅಚ್ಚುಕಟ್ಟಿಗೆ 4, ಹೊತ್ತಿಗೆ ಒಪ್ಪಿಸಿದ್ದಕ್ಕೆ 4, ಥರ್ಮೋಕೋಲು-ಬಾತುಕೋಳಿಯನ್ನೇ ಸೃಜನಶೀಲತೆ ಎಂದು ನೋಡುವುದರಿಂದ ಅದಕ್ಕೊಂದು 4. ಇಪ್ಪತ್ತರಲ್ಲಿ ಹನ್ನೆರಡು ಅಂಕ, ಮನೆಯಲ್ಲಿ ಬಿಡುವಿರುವ ತಾಯಿಗೆ ಮತ್ತು ಅಂಗಡಿಗೆ ಕೊಡಲು ದುಡ್ಡಿರುವ ತಂದೆಗೆ. ನಮ್ಮೂರ ಸ್ಟೇಷನರಿ ಅಂಗಡಿಯಲ್ಲಿ ಜ್ವಾಲಾಮುಖಿ, ಸೌರವ್ಯೂಹ, ಹೃದಯ ಎಲ್ಲವೂ ರೆಡಿಮೇಡ್ ಸಿಗುತ್ತವೆ. ಹೆಸರು ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟಿರುತ್ತಾರೆ. ಮಕ್ಕಳು ಮಾಡಿ ತೋರಿಸಲಿ ಎಂದು ತಂದ ಪರೀಕ್ಷೆ ಹೀಗೆ ತಾಯಂದಿರ ಪರೀಕ್ಷೆಯಾಗಿ ಕೂತಿದೆ. ಬೀಡಿ ಕಟ್ಟುವ, ಗಾರ್ಮೆಂಟ್ಸಿಗೆ ಹೋಗಿ ಎಂಟು ಗಂಟೆಗೆ ಬಸ್ಸಿಳಿಯುವ ತಾಯಿ ಈ ಪರೀಕ್ಷೆಯಲ್ಲಿ ಪ್ರತಿ ತಿಂಗಳೂ ನಪಾಸಾಗುತ್ತಾಳೆ. ಅಂಕ ಕಡಿಮೆಯೆಂದು ಬರೆಯುವುದು ಮಾತ್ರ ಮಗುವಿನ ಹೆಸರಿನ ಮುಂದೆ.

ಹಾಗೆಂದು ನಾನು ರೂಬ್ರಿಕ್ಕಿನ ವೈರಿಯಲ್ಲ. ಆ ಪದದ ಮೂಲ ಗೊತ್ತಾದಾಗ ನನಗೆ ಖುಷಿಯಾಗಿತ್ತು. ಲ್ಯಾಟಿನ್ನಿನಲ್ಲಿ ‘ರೂಬ್ರಿಕಾ’ ಎಂದರೆ ಕೆಂಪು ಮಣ್ಣು, ನಮ್ಮ ಕೆಮ್ಮಣ್ಣೇ. ಯೂರೋಪಿನ ಹಳೆಯ ಕೈಬರಹದ ಗ್ರಂಥಗಳಲ್ಲಿ ತಲೆಬರಹಗಳನ್ನೂ, ಪೂಜೆ ಹೇಗೆ ನಡೆಸಬೇಕೆಂದು ಪಾದ್ರಿಗಳಿಗೆ ಕೊಟ್ಟ ಸೂಚನೆಗಳನ್ನೂ ಕೆಂಪಿನಲ್ಲಿ ಬರೆಯುತ್ತಿದ್ದರು. ಅಲ್ಲಿಂದ ಆ ಪದ ಶಾಲೆಗೆ ಬಂತು. ನಮ್ಮ ಅಮ್ಮ ಹಬ್ಬದ ಹಿಂದಿನ ದಿನ ಸಾರಿಸಿದ ನೆಲಕ್ಕೆ ಕೆಮ್ಮಣ್ಣಿನ ಅಂಚು ಎಳೆದು “ಇದರೊಳಗೆ ಹಾಕು ರಂಗೋಲಿ” ಎನ್ನುತ್ತಿದ್ದಳು. ಗೆರೆ ಮೊದಲೇ ಎಳೆದಿರುತ್ತಿತ್ತು. ಅದರೊಳಗೆ ಯಾವ ಎಳೆ ಹಾಕುವುದೆಂಬುದು ನಮಗೇ ಬಿಟ್ಟದ್ದು.

ಮೊದಲೇ ಎಳೆಯುವುದು ಏಕೆ ಅಷ್ಟು ಮುಖ್ಯ ಎಂದು ಗಂಡಸರಿಗಿಂತ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಏಕೆಂದರೆ ಗೆರೆಯಿಲ್ಲದ ‘ಮಾಡಿ ತೋರಿಸುವ’ ಪರೀಕ್ಷೆಗೆ ನಮ್ಮಲ್ಲಿ ಬಹುಪಾಲು ಜನ ಕೂತಿದ್ದೇವೆ. 1981ರಲ್ಲಿ ನನ್ನನ್ನು ನೋಡಲು ಬಂದವರು ಮೊದಲು ಹಾಡು ಹೇಳಿಸಿದರು. ಆಮೇಲೆ ಕಾಫಿ ಲೋಟ ಎತ್ತಿಡಲು ಹೇಳಿದರು. ಅದು ನಡಿಗೆ ನೋಡುವುದಕ್ಕೆ ಎಂದು ಅತ್ತಿಗೆ ಆಮೇಲೆ ಹೇಳಿದಳು. ಓದಿದ್ದೇನು ಎಂದು ಕೇಳಲೇ ಇಲ್ಲ. “ಪತ್ರ ಬರೀತೀವಿ” ಎಂದು ಹೋದವರು ಬರೆಯಲಿಲ್ಲ. ಯಾವುದಕ್ಕೆ ಎಷ್ಟು ಅಂಕ ಕಳೆದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹಾಡಿಗೋ, ನಡಿಗೆಗೋ, ಅಪ್ಪನ ಕೈಯಲ್ಲಿ ಇಲ್ಲದ ದುಡ್ಡಿಗೋ.

ಅದಕ್ಕೇ ಬರೆದು ತೋರಿಸುವ ಹಳೆಯ ಪರೀಕ್ಷೆಯನ್ನು ಎಲ್ಲರೂ ಸೇರಿ ಬೈಯುವಾಗ ನಾನು ಸ್ವಲ್ಪ ಹಿಂದೆ ನಿಲ್ಲುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಬರೆದದ್ದು 1975ರಲ್ಲಿ. ನನ್ನ ಉತ್ತರ ಪತ್ರಿಕೆ ಯಾವುದೋ ಊರಿನಲ್ಲಿ ಯಾರೋ ಮೇಷ್ಟರ ಮುಂದೆ ಹೋಯಿತು. ಅದರ ಮೇಲೆ ಇದ್ದದ್ದು ಒಂದು ಸಂಖ್ಯೆ. ಹೆಣ್ಣು, ಇಂಥವರ ಮನೆಯವಳು, ಇಂಥ ಜಾತಿಯವಳು, ಕಪ್ಪು ಬಣ್ಣದವಳು, ಹರಿದ ಲಂಗದವಳು ಎಂಬ ಯಾವ ಸುದ್ದಿಯೂ ಆ ಸಂಖ್ಯೆಯಲ್ಲಿ ಇರಲಿಲ್ಲ. ನನ್ನನ್ನು ನೋಡದೆ ನನಗೆ ಅಂಕ ಕೊಟ್ಟ ಮೊದಲ ಜಾಗ ಅದು. ಎಷ್ಟೋ ವರ್ಷಗಳಿಂದ ಫಲಿತಾಂಶದ ಮರುದಿನ ಪತ್ರಿಕೆಗಳು ಅಚ್ಚುಮೊಳೆ ತೆಗೆದಿಟ್ಟುಕೊಂಡವರಂತೆ ‘ಬಾಲಕಿಯರೇ ಮೇಲುಗೈ’ ಎಂದು ಹಾಕುತ್ತವಲ್ಲ, ಅದರ ಹಿಂದೆ ನಮ್ಮ ಹುಡುಗಿಯರ ಶ್ರಮದ ಜೊತೆಗೆ ಈ ಸಂಖ್ಯೆಯ ಮರೆಯೂ ಸ್ವಲ್ಪ ಇದೆಯೆಂದು ನನ್ನ ಗುಮಾನಿ. ಶಿಕ್ಷಕಿಯಾಗಲು ಸಂದರ್ಶನಕ್ಕೆ ಹೋದಾಗ ಮೇಜಿನಾಚೆ ಕೂತವರು ಪಾಠದ ಮಾತಿಗೆ ಮೊದಲು “ಯಾವ ಕಡೆಯವರಮ್ಮ ನೀವು?” ಎಂದು ಕೇಳಿದ್ದರು. ಊರು ಕೇಳಿದ್ದಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಾಗಿರಲಿಲ್ಲ.

ಲಿಖಿತ ಪರೀಕ್ಷೆ ಹುಟ್ಟಿದ್ದಕ್ಕೂ ಇಂಥದೇ ಕಾರಣವಿತ್ತು. ಅಮೆರಿಕದ ಬಾಸ್ಟನ್ ಶಾಲೆಗಳಲ್ಲಿ ಸಮಿತಿಯವರು ಬಂದು ಮಕ್ಕಳನ್ನು ಬಾಯಲ್ಲಿ ಕೇಳಿ ಹೋಗುತ್ತಿದ್ದ ಪದ್ಧತಿಯಿತ್ತು. ಹೊರೇಸ್ ಮನ್ ಎಂಬಾತ 1845ರಲ್ಲಿ ಅದರ ಬದಲು ಅಚ್ಚಾದ ಒಂದೇ ಪ್ರಶ್ನೆಪತ್ರಿಕೆಗೆ ಬರೆದು ಉತ್ತರಿಸುವುದನ್ನು ತರಿಸಿದ. ಒಬ್ಬನಿಗೆ ಸುಲಭದ ಪ್ರಶ್ನೆ, ಇನ್ನೊಬ್ಬನಿಗೆ ಕಷ್ಟದ್ದು ಎಂಬ ಪಕ್ಷಪಾತ ಇರಬಾರದು ಎಂಬುದು ಅವನ ವಾದ. ನಮ್ಮಲ್ಲಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದಾಗ ಮೆಟ್ರಿಕ್ಯುಲೇಶನ್ ಬಂತು. ಅದರ ಮೊಮ್ಮಗಳೇ ನಮ್ಮ ಎಸ್ಸೆಸ್ಸೆಲ್ಸಿ.

ಆದರೆ ಮರೆಗೂ ಒಂದು ಬೆಲೆ ತೆರಬೇಕಾಗುತ್ತದೆ. ಆಮ್ಲಜನಕ ತಯಾರಿಸುವ ಚಿತ್ರವನ್ನು ನಾನು ಸ್ಕೇಲು ಹಿಡಿದು ಹತ್ತು ಸಲ ಬರೆದಿದ್ದೇನೆ, ಪ್ರನಾಳವನ್ನು ಕೈಯಲ್ಲಿ ಹಿಡಿದದ್ದಿಲ್ಲ. ಮರೆಯಾಚೆ ಕೂತವರಾದರೂ ಒಂದೇ ತಕ್ಕಡಿ ಹಿಡಿದಿರುತ್ತಾರೆಯೇ? ಅದೂ ಇಲ್ಲ. 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಅಮೆರಿಕದಲ್ಲಿ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿದರು. ಬಂದ ಅಂಕ 28ರಿಂದ 95ರವರೆಗೆ! ರೇಖಾಗಣಿತದ ಗತಿಯೇ ಹೀಗಾದರೆ ಪ್ರಬಂಧದ ಪಾಡೇನು? ಅದನ್ನೂ ನೋಡಿದವರಿದ್ದಾರೆ. 1961ರಲ್ಲಿ ಪಾಲ್ ಡೀಡ್ರಿಕ್ ಮತ್ತು ಜೊತೆಯವರು ಕಾಲೇಜಿಗೆ ಹೊಸದಾಗಿ ಸೇರಿದವರ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಯ 53 ಜನರಿಗೆ ಓದಲು ಕೊಟ್ಟರು. ಒಂಬತ್ತು ದರ್ಜೆ, ಯಾವುದಕ್ಕೆ ಯಾವುದು ಎಂಬುದು ಓದುವವರ ಇಷ್ಟ. 101 ಪ್ರಬಂಧಗಳಿಗೆ ಒಂಬತ್ತಕ್ಕೆ ಒಂಬತ್ತೂ ದರ್ಜೆಗಳು ಬಿದ್ದವು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸವೇ ನನಗೆ ಹಿಡಿಸಿದ್ದು. ಇವರೆಲ್ಲ ಯಾಕೆ ಹೀಗೆ ಬೇರೆಯಾದರು ಎಂದು ಅವರು ಬರೆದ ಷರಾಗಳನ್ನು ಓದಿ ನೋಡಿದರೆ, ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ ಇತ್ತು. ಕೆಲವರಿಗೆ ವಿಚಾರ ಬೇಕು, ಕೆಲವರಿಗೆ ಕಾಗುಣಿತ-ವ್ಯಾಕರಣ, ಕೆಲವರಿಗೆ ಜೋಡಣೆ, ಕೆಲವರಿಗೆ ಪದಗಳ ಆಯ್ಕೆ, ಇನ್ನು ಕೆಲವರಿಗೆ ಬರಹಕ್ಕೊಂದು ರುಚಿಯಿರಬೇಕು. ಹುಳಿ ತಂದಿಟ್ಟರೆ ಅತ್ತೆ ಉಪ್ಪು ನೋಡುತ್ತಾರೆ, ಮಾವ ಹದ ನೋಡುತ್ತಾರೆ, ನಾದಿನಿ ತೇಲುವ ಒಗ್ಗರಣೆ ನೋಡುತ್ತಾಳೆ, ಇದೂ ಹಾಗೆಯೇ. ಇವತ್ತು ಶಾಲೆಗಳಲ್ಲಿ ಓಡಾಡುವ ರೂಬ್ರಿಕ್ಕಿನ ಬೇರುಗಳಲ್ಲಿ ಒಂದು ಇಲ್ಲಿದೆ. ಅದು ಹುಟ್ಟಿದ್ದು ಮಗುವನ್ನು ಅಳೆಯಲು ಮಾತ್ರವಲ್ಲ, ಅಳೆಯುವವರು ತಮ್ಮ ಕಣ್ಣು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಲಿ ಎಂದು. ಪಕ್ಕದ ಮನೆಗೆ ಬಂದ ಹಾಳೆಯಲ್ಲಿ ಕಾಣೆಯಾದದ್ದು ಇದೇ.

ನಾನೂ ಅಳೆದವಳೇ, ತಪ್ಪೂ ಮಾಡಿದ್ದೇನೆ. 1998ರಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕನ್ನಡ ಪತ್ರಿಕೆ ತಿದ್ದುತ್ತಿದ್ದೆ. ಊರಿಗೆ ಬಸ್ಸು ಬೇಕೆಂದು ಅಧಿಕಾರಿಗಳಿಗೆ ಮನವಿ ಪತ್ರ ಬರೆಯುವ ಪ್ರಶ್ನೆ. ನಮಗೆ ಕೊಟ್ಟ ಮಾದರಿ ಉತ್ತರದಲ್ಲಿ ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’, ಸ್ಥಳ-ದಿನಾಂಕ ಎಂದು ಒಂದೊಂದಕ್ಕೂ ಚೂರು ಚೂರು ಅಂಕ ಹಂಚಿತ್ತು. ಹೆಚ್ಚಿನ ಮಕ್ಕಳು ಗೈಡಿನಲ್ಲಿದ್ದ ಪತ್ರವನ್ನೇ ಇಳಿಸಿದ್ದರು. ಅದರ ನಡುವೆ ಒಂದು ಪತ್ರ ಬಂತು. ಬಸ್ಸು ಕ್ರಾಸಿನಲ್ಲೇ ತಿರುಗಿಕೊಂಡು ಹೋಗುತ್ತದೆ, ಅಲ್ಲಿಂದ ಊರಿಗೆ ನಡೆಯಬೇಕು, ದಾರಿಯಲ್ಲಿ ನೀಲಗಿರಿ ತೋಪು, ಸಂಜೆ ಆರಾದರೆ ಕತ್ತಲು, ಅದಕ್ಕೇ ನಮ್ಮ ಊರಿನಿಂದ ನಾನೊಬ್ಬಳೇ ಹುಡುಗಿ ಹತ್ತನೇ ಕ್ಲಾಸಿಗೆ ಬಂದಿರುವುದು, ತಂಗಿಯನ್ನು ಏಳಕ್ಕೇ ಬಿಡಿಸಿದ್ದಾರೆ, ಬಸ್ಸು ಊರೊಳಗೆ ಬಂದರೆ ಮತ್ತೆ ಕಳಿಸುತ್ತಾರೆ. ಇಷ್ಟೇ. ‘ವಿಷಯ’ ಎಂಬ ಸಾಲು ಇರಲಿಲ್ಲ, ‘ಮಾನ್ಯರೇ’ ಬದಲು ‘ಬಸ್ಸಿನ ಸಾಹೇಬರಿಗೆ’ ಎಂದಿತ್ತು, ದಿನಾಂಕ ಮರೆತಿದ್ದಳು. ಮಾದರಿ ಉತ್ತರದ ಪ್ರಕಾರ ಅಂಕ ಕಳೆದೆ. ಗೈಡು ಇಳಿಸಿದವನಿಗೆ ಅವಳಿಗಿಂತ ಒಂದೂವರೆ ಅಂಕ ಹೆಚ್ಚು ಬಂತು. ಉಪಮುಖ್ಯ ಪರೀಕ್ಷಕರಿಗೆ ತೋರಿಸಿದೆ. ಓದಿ, “ಚೆನ್ನಾಗಿದೆ ಮೇಡಂ, ಆದರೆ ಸ್ಕೀಮಿನಲ್ಲಿ ಇಲ್ಲವಲ್ಲ” ಎಂದು ಪತ್ರಿಕೆ ವಾಪಸು ಕೊಟ್ಟರು. ಅವರದೂ ತಪ್ಪಲ್ಲ. ಸ್ಕೀಮು ಇಲ್ಲದಿದ್ದರೆ ನನ್ನ ಹಾಗೆ ಕರಗುವವರು ಕೆಲವರಿಗೆ ಐದಕ್ಕೆ ಐದು ಕೊಟ್ಟಾರು, ಇನ್ನೊಂದು ಮೇಜಿನಲ್ಲಿ ಅಂಥದೇ ಪತ್ರಕ್ಕೆ ಎರಡು ಬಿದ್ದೀತು. ಆ ಸ್ಕೀಮಿನಲ್ಲಿ ‘ಓದಿದವರು ಬಸ್ಸು ಕಳಿಸಬೇಕು ಅನ್ನಿಸುವಂತಿದೆಯೇ’ ಎಂದು ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಪತ್ರ ಬರೆಯುವುದೇ ಅದಕ್ಕಲ್ಲವೇ?

ಪರೀಕ್ಷೆ ಸುಧಾರಿಸಬೇಕೆಂಬ ಮಾತು ನಮ್ಮಲ್ಲಿ ಹಳೆಯದು. 1948-49ರ ರಾಧಾಕೃಷ್ಣನ್ ಆಯೋಗ ಹೇಳಿತು, 1952-53ರ ಮುದಲಿಯಾರ್ ಆಯೋಗ ಹೇಳಿತು, 1964-66ರ ಕೊಠಾರಿ ಆಯೋಗ ಹೇಳಿತು. 1986ರ ಶಿಕ್ಷಣ ನೀತಿಯಲ್ಲಿ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ದ ಮಾತು ಬಂತು, 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಕಾನೂನೇ ಮಾಡಿತು. ಸಿಬಿಎಸ್‌ಇಯವರು ಅದೇ ವರ್ಷ ದೊಡ್ಡ ಸಂಭ್ರಮದಿಂದ ತಂದು 2017ರಲ್ಲಿ ಕೈಬಿಟ್ಟರು. 2018ರಿಂದ ಅವರ ಹತ್ತನೆಯ ತರಗತಿಗೆ ಬೋರ್ಡ್ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. 2020ರ ನೀತಿ ಬಂದ ಮೇಲೆ ಕೇಂದ್ರದವರು ಮಾಡಿರುವ ಹೊಸ ಪ್ರಗತಿಪತ್ರದಲ್ಲಿ ಚಿಕ್ಕ ಮಕ್ಕಳಿಗೆ ಅಂಕದ ಬದಲು ತೊರೆ, ಬೆಟ್ಟ, ಆಕಾಶ ಎಂಬ ಮೆಟ್ಟಿಲುಗಳಿವೆ. ಹೆಸರು ಮುದ್ದಾಗಿದೆ. ಆದರೆ ತೊರೆಯಲ್ಲಿರುವ ಮಗು ಬೆಟ್ಟಕ್ಕೆ ಹೋಗಲು ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂದು ಆ ಮಗುವಿಗೇ ಗೊತ್ತಿರಬೇಕು. ಇಲ್ಲದಿದ್ದರೆ ‘ಸುಧಾರಿಸಬೇಕು’ ಎನ್ನುವುದಕ್ಕೂ ‘ತೊರೆ’ ಎನ್ನುವುದಕ್ಕೂ ವ್ಯತ್ಯಾಸವೇನು?

ಮಗುವಿಗೇ ಗೊತ್ತಿರುವ ಪರೀಕ್ಷೆ ಸಾಧ್ಯವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ನನ್ನ ವಯಸ್ಸಿನ ಎಷ್ಟೋ ಹೆಂಗಸರು ಜೂನಿಯರ್, ಸೀನಿಯರ್ ಕಟ್ಟಿದ್ದೇವೆ. ಇಷ್ಟು ನಿಮಿಷ, ಇಷ್ಟು ವೇಗ, ತಪ್ಪಿದರೆ ಇಷ್ಟು ಕಡಿತ. ಎಲ್ಲ ಮೊದಲೇ ಗೊತ್ತು. ಮನೆಗೆ ಬರುವ ಹೊತ್ತಿಗೆ ಪಾಸೋ ಫೇಲೋ ನಾವೇ ಲೆಕ್ಕ ಹಾಕಿಕೊಂಡಿರುತ್ತಿದ್ದೆವು. ಸಂಗೀತದ ಜೂನಿಯರ್ ಪರೀಕ್ಷೆಗೆ ಮಕ್ಕಳನ್ನು ಕರೆದುಕೊಂಡು ಹೋದ ತಾಯಂದಿರೂ ನಿಮ್ಮಲ್ಲಿರಬಹುದು. ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ಏನೇನು ಕೇಳುತ್ತಾರೆಂಬುದು ತಿಳಿದಿರುತ್ತದೆ. ಬರೆಯುವುದೂ ಇದೆ, ಹಾಡಿ ತೋರಿಸುವುದೂ ಇದೆ. ತಾಯಿ ಹಾಡಿದರೆ ಮಗಳಿಗೆ ಅಂಕ ಬರುವುದಿಲ್ಲ.

ಎಲ್ಲಕ್ಕಿಂತ ನನಗೆ ಪಾಠವಾದದ್ದು ನಮ್ಮ ‘ನಲಿ-ಕಲಿ’. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಪದ್ಧತಿ ನೋಡಿಬಂದು, ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಮಾಡಿಕೊಂಡು 1995ರ ಸುಮಾರಿಗೆ ಶುರುಮಾಡಿದ್ದು ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಅಂಥ ಒಂದು ಶಾಲೆಯಲ್ಲಿ ಅರ್ಧ ದಿನ ಕೂತಿದ್ದೆ. ಗೋಡೆಯ ಮೇಲೆ ಕಲಿಕೆಯ ಏಣಿ, ಮೆಟ್ಟಿಲಿಗೊಂದು ಚಿತ್ರದ ಗುರುತು. ಆರು ವರ್ಷದ ಒಬ್ಬ ಹುಡುಗ ಬಂದು ಏಣಿಯ ಮುಂದೆ ನಿಂತು ಬೆರಳಿಟ್ಟು ನೋಡಿ, ತನ್ನ ಗುರುತಿನ ಕಾರ್ಡು ತಾನೇ ಹುಡುಕಿಕೊಂಡು ಚಾಪೆಯ ಮೇಲೆ ಕೂತ. “ಮುಂದೆ ಯಾವುದಪ್ಪ?” ಎಂದೆ. ತಲೆಯೆತ್ತದೆ “ಇದಾದ್ಮೇಲೆ ಆನೆ” ಎಂದ. ಬೆಟ್ಟ-ಆಕಾಶ ಅವನಿಗೆ ಬೇಕಿರಲಿಲ್ಲ. ಈ ಪದ್ಧತಿಗೂ ಸಾಕಷ್ಟು ದೂರುಗಳಿವೆ. ಕಾರ್ಡು ಹರಿದುಹೋಗುತ್ತವೆ, ಮೂರು ತರಗತಿಗೆ ಒಬ್ಬರೇ ಟೀಚರು, ತಂದೆತಾಯಿಗೆ ಪರೀಕ್ಷೆಯಿಲ್ಲದ ಶಾಲೆ ಶಾಲೆಯೇ ಅಲ್ಲ. ಇರಲಿ.

ಅದನ್ನು ನೋಡಿದ ಧೈರ್ಯದ ಮೇಲೆ 2011ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಂದು ಸಾಹಸ ಮಾಡಿದೆ. ಸೋಮವಾರದ ಸಂತೆಗೆ ಹೋಗಿ ಯಾರಾದರೂ ಒಬ್ಬ ವ್ಯಾಪಾರಿಯನ್ನು ಮಾತಾಡಿಸಿ ಬಂದು ತರಗತಿಗೆ ಹೇಳಬೇಕು. ಅಂಕ ಯಾವುದಕ್ಕೆ ಕೊಡೋಣ ಎಂದು ಮಕ್ಕಳನ್ನೇ ಕೇಳಿ ಹಲಗೆಯ ಮೇಲೆ ಬರೆದೆ. ಮೊದಲು ಬಂದ ಸಾಲು ‘ಜೋರಾಗಿ, ತಡವರಿಸದೆ ಮಾತಾಡಬೇಕು’. ಆ ತರಗತಿಯಲ್ಲಿ ಮಾತು ತಡೆದು ತಡೆದು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳು ಏನೂ ಹೇಳಲಿಲ್ಲ, ಪುಸ್ತಕ ಮುಚ್ಚಿಟ್ಟಳು. ಅದನ್ನು ನಾನು ನೋಡಿರಲಿಲ್ಲ, ಅವಳ ಪಕ್ಕದವಳು ನೋಡಿದ್ದಳು. ಎದ್ದುನಿಂತು “ಮೇಡಂ, ಹಾಗಾದ್ರೆ ಇವಳಿಗೆ ಈಗ್ಲೇ ನಾಲ್ಕು ಅಂಕ ಹೋಯ್ತಲ್ಲ” ಎಂದಳು. ಕಾಲು ಗಂಟೆ ಗದ್ದಲ. ಕೊನೆಗೆ ಆ ಸಾಲನ್ನು ಅಳಿಸಿ ‘ಕೇಳುವವರಿಗೆ ತಿಳಿಯಬೇಕು’ ಎಂದು ಬರೆದೆವು. ಚೀಟಿ ನೋಡಿ ಹೇಳಬಹುದು, ತಂದ ಸಾಮಾನು ತೋರಿಸಿ ಹೇಳಬಹುದು. ಆಮೇಲಿನ ಸಾಲುಗಳೂ ಅವರವೇ. ಬರೆದುಕೊಂಡು ಹೋದ ಪ್ರಶ್ನೆಗಳನ್ನಷ್ಟೇ ಕೇಳಿ ಬಂದರೆ ಒಂದು ಅಂಕ, ಬಂದ ಉತ್ತರ ಹಿಡಿದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಎರಡು, ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ತಂದರೆ ಮೂರು. ನೋಡಿ, ಇಲ್ಲಿ ‘ಉತ್ತಮ’ವೂ ಇಲ್ಲ, ‘ಸಾಧಾರಣ’ವೂ ಇಲ್ಲ. ಏನು ಮಾಡಿದರು ಎಂಬುದಿದೆ.

ಮಾತು ತಡೆಯುವ ಹುಡುಗಿ ವೀಳ್ಯದೆಲೆ ಮಾರುವ ಅಜ್ಜಿಯನ್ನು ಮಾತಾಡಿಸಿ, ಕವಳಿಗೆಯೊಂದನ್ನು ಕೈಯಲ್ಲಿ ಹಿಡಿದು ಬಂದಳು. ಎಲೆ ಎಣಿಸುವ ಲೆಕ್ಕವನ್ನು ನಮ್ಮೆಲ್ಲರ ಮುಂದೆ ಮಾಡಿ ತೋರಿಸಿದಳು. ಅವಳಿಗೇ ಮೊದಲ ಸ್ಥಾನ ಬಂತೆಂದು ನೀವು ಊಹಿಸಿದ್ದರೆ, ಇಲ್ಲ, ಮೂರನೆಯದು. ಮೊದಲ ಸ್ಥಾನ ಬಂದವನು ಒಣಮೆಣಸಿನಕಾಯಿ ವ್ಯಾಪಾರಿಯ ಕಥೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ ಹುಡುಗ. ಹತ್ತು ದಿನದ ಮೇಲೆ ಗೊತ್ತಾಯಿತು, ಪುಣ್ಯಾತ್ಮ ಸಂತೆಗೆ ಹೋಗಿಯೇ ಇರಲಿಲ್ಲ! ನಮ್ಮ ಹಲಗೆಯ ಮೇಲೆ ‘ನಿಜವಾಗಿರಬೇಕು’ ಎಂಬ ಸಾಲು ಬರೆಯಲು ನಲವತ್ತು ಚಿಲ್ಲರೆ ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ, ನನ್ನದನ್ನೂ ಸೇರಿಸಿ.

ಆ ಸಾಹಸವನ್ನು ನಾನು ಮತ್ತೆ ಎರಡು ಸಲ ಮಾಡಿದೆ, ಅಷ್ಟೆ. ಕಾರಣ ಹೇಳಿಬಿಡುತ್ತೇನೆ, ಏಕೆಂದರೆ ಶಿಕ್ಷಕಿಯರನ್ನು ಬೈಯುವುದು ಸುಲಭ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಒಂದು ತರಗತಿಯಲ್ಲಿ 52 ಮಕ್ಕಳು. ಒಂದೊಂದು ಮಗುವಿಗೂ ಐದು ಸಾಲಿನ ಹಾಳೆ ಎಂದರೆ ನಾಲ್ಕು ಸಲಕ್ಕೆ 1040 ಮನೆ ತುಂಬಬೇಕು. ಅದು ಒಂದು ವಿಷಯಕ್ಕೆ, ಒಂದು ತರಗತಿಗೆ. ನನಗೆ ಮೂರು ತರಗತಿಗಳಿದ್ದವು. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಬೇರೆ. ಸಾವಿರದ ನಲವತ್ತು ಮನೆ ತುಂಬುವವಳು ಮಗುವನ್ನು ಯಾವಾಗ ನೋಡಬೇಕು? ಎಲ್ಲರಿಗೂ 17, 18, 19 ಎಂದು ಹಾಕಿ ಸಹಿ ಮಾಡುತ್ತಾಳೆ. ಎಸ್ಸೆಸ್ಸೆಲ್ಸಿಯಲ್ಲಿ 20 ಅಂಕ ಆಂತರಿಕ, 80 ಲಿಖಿತ ಎಂದಾದ ಮೇಲೆ ಆ ಇಪ್ಪತ್ತು ಹೇಗೆ ಬರುತ್ತದೆಂದು ಒಂದು ಮನೆಯಲ್ಲೂ ವಿವರಿಸಬೇಕಾಗಿಲ್ಲ. ಲಿಖಿತವಾದರೂ ಬಂಗಾರವೇ ಎಂದರೆ, 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ.

ಹಾಗಾದರೆ ಏನು ಮಾಡಬೇಕೆಂದು ಪಕ್ಕದ ಮನೆಯಾಕೆ ಕೇಳಿದಳು. ಅವಳಿಗೆ ಸಿದ್ಧಾಂತ ಬೇಡ, ಮುಂದಿನ ತಿಂಗಳ ಪ್ರಾಜೆಕ್ಟಿಗೆ ದಾರಿ ಬೇಕು. ಮೂರು ಮಾತು ಹೇಳಿಕೊಟ್ಟೆ. ವರ್ಷಕ್ಕೆ ಹತ್ತು ಪ್ರಾಜೆಕ್ಟಿನ ಬದಲು ಎರಡೇ ಕೊಡಿ, ಆದರೆ ಶಾಲೆಯಲ್ಲೇ, ನಿಮ್ಮ ಕಣ್ಣೆದುರೇ ಮಾಡಿಸಿ ಎಂದು ಕೇಳು. ಅಚ್ಚುಕಟ್ಟಿನ ನಾಲ್ಕು ಅಂಕ ತೆಗೆದು ‘ತಾನೇ ನೋಡಿ, ಕೇಳಿ ತಿಳಿದದ್ದೇನು’ ಎಂಬ ಸಾಲಿಗೆ ಕೊಡಿ ಎನ್ನು. ‘ಅತ್ಯುತ್ತಮ’ದ ಮನೆಯಲ್ಲಿ ಏನಿದ್ದರೆ ಅತ್ಯುತ್ತಮ ಎಂದು ಬರೆದು ಕಳಿಸಿ ಎನ್ನು.

ಪೋಷಕರ ಸಭೆಗೆ ಹೋಗಿ, ಪಾಪ, ಅಂಜುತ್ತಂಜುತ್ತ ಕೇಳಿದಳಂತೆ. ಟೀಚರು ಚಿಕ್ಕ ವಯಸ್ಸಿನವಳು, ಹನ್ನೆರಡು ಸಾವಿರ ಸಂಬಳಕ್ಕೆ ದುಡಿಯುವವಳು. ಸಿಟ್ಟಾಗಲಿಲ್ಲ. “ಅಕ್ಕಾ, ಈ ಫಾರಂ ನಾವು ಮಾಡಿದ್ದಲ್ಲ, ಆಫೀಸಿಂದ ಬರುತ್ತೆ. ಫೋಟೋ ಚೆನ್ನಾಗಿ ಬರೋ ಪ್ರಾಜೆಕ್ಟೇ ಬೇಕು ಅಂತಾರೆ, ಅಡ್ಮಿಷನ್ ಟೈಮಲ್ಲಿ ಹಾಕೋದಕ್ಕೆ” ಎಂದಳಂತೆ. ಆಮೇಲೆ ಸ್ವಲ್ಪ ಯೋಚಿಸಿ, ಕೆರೆಯ ವಿಷಯ ಹುಡುಗಿ ಮನೆಯಲ್ಲಿ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ತರಲಿ, ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಓದಿಸುತ್ತೇನೆ, ಆದರೆ ಅದಕ್ಕೆ ಅಂಕ ಕೊಡಲು ನನಗೆ ಬರುವುದಿಲ್ಲ ಎಂದಳಂತೆ.

ಹುಡುಗಿ ಬರೆದಿದ್ದಾಳೆ. ತೂಬಿನ ಚಿತ್ರ ಸರಿಯಾಗಿದೆಯೇ ಎಂದು ನೋಡಲು ಇವತ್ತು ಸಂಜೆ ತಾತ ಮೊಮ್ಮಗಳು ಮತ್ತೆ ಏರಿಯ ಕಡೆ ಹೋಗಿದ್ದಾರೆ. ನಮ್ಮ ಥರ್ಮೋಕೋಲಿನ ಕೆರೆ ಶಾಲೆಯ ಆಫೀಸಿನ ಗಾಜಿನ ಬೀರುವಿನಲ್ಲಿದೆ, ತಾವರೆ ಸಮೇತ.